ಒಂದು ಅಕ್ಷರದ ಹಿಂದಿನ ಮನೆ

ಇಪ್ಪತ್ತೇಳು ವರ್ಷದಿಂದ ಹಾಜರಿ ಕೂಗುತ್ತಿದ್ದೇನೆ. ನಮ್ಮ ಕೊಡ್ಲಿಪೇಟೆಯ ಕಡೆ ಮಕ್ಕಳ ಹೆಸರಿಗೆ ಅಂಟಿಕೊಂಡ ಅಕ್ಷರಗಳನ್ನು ಬಿಡಿಸುವುದು ಕಷ್ಟವಲ್ಲ. ‘ಕೆ.’ ಅಂದರೆ ಕೊಡ್ಲಿಪೇಟೆ, ಇಲ್ಲವೇ ಸುತ್ತಲಿನ ಯಾವುದೋ ಹಳ್ಳಿ. ಎರಡನೆಯ ಅಕ್ಷರ ಅಪ್ಪನ ಹೆಸರಿನದು. ಕೊಡಗಿನ ಉತ್ತರದ ಅಂಚಿನಲ್ಲಿ, ಹಿಂದೆ ಏಳುಸಾವಿರ ಸೀಮೆ ಎನ್ನುತ್ತಿದ್ದ ಈ ಭಾಗದಲ್ಲಿ, ಊರೇ ಮನುಷ್ಯನ ವಿಳಾಸ. ಭಾರತ ಹಾಕಿ ತಂಡದಲ್ಲಿ ವರ್ಷಗಟ್ಟಲೆ ಆಡಿದ ಎಸ್. ವಿ. ಸುನಿಲ್ ಅವರ ಹೆಸರೂ ಹೀಗೆಯೇ: ‘ಎಸ್’ ಅಂದರೆ ಸೋಮವಾರಪೇಟೆ, ‘ವಿ’ ಅಂದರೆ ತಂದೆ ವಿಠಲಾಚಾರ್ಯ.

ಇದೇ ಲೆಕ್ಕದಲ್ಲಿ ಒಂದು ಹೆಸರನ್ನು ನಾನು ಬಹಳ ಕಾಲ ತಪ್ಪಾಗಿ ಓದಿಕೊಂಡಿದ್ದೆ. ನಮ್ಮ ಪಕ್ಕದ ಪೇಟೆ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಒಂದು ಮಗು ಹುಟ್ಟಿತು. ಅದೇ ಮಗು 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕನಾಯಿತು. ಕೆ. ಎಂ. ಕಾರ್ಯಪ್ಪ. ‘ಎಂ’ ಅಂದರೆ ಮಾದಪ್ಪ, ತಂದೆ. ‘ಕೆ’ ಅಂದರೆ? ಯಾವುದೋ ಊರು ಇರಬೇಕು ಅಂದುಕೊಂಡಿದ್ದೆ. ಅದು ಕೊಡಂದೇರ. ಊರಲ್ಲ, ಒಕ್ಕದ, ಅಂದರೆ ಕೊಡವ ಮನೆತನದ ಹೆಸರು. ಮಾದಪ್ಪನವರು ಕಂದಾಯ ಇಲಾಖೆಯ ನೌಕರಿಯಲ್ಲಿದ್ದರು. ಮಗ ಹುಟ್ಟಿದ ಊರು ಹೆಸರಿನೊಳಗೆ ಬರಲೇ ಇಲ್ಲ. ಜನರಲ್ ಕೆ. ಎಸ್. ತಿಮ್ಮಯ್ಯನವರದ್ದೂ ಅದೇ ಕೊಡಂದೇರ. ಸೇನೆಯ ಇಬ್ಬರು ಮುಖ್ಯಸ್ಥರು ಒಂದೇ ಮನೆಯವರು ಎಂಬುದನ್ನು ಆ ಒಂದು ಅಕ್ಷರ ಮುಚ್ಚಿಟ್ಟಿತ್ತು.

ಅಕ್ಷರದ ಹಿಂದೆ ಹೀಗೆ ಒಕ್ಕವೊಂದು ಇರಬಹುದು ಎಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆ ಕಾಗದದಿಂದ.

ಆ ಹುಡುಗಿಯ ಅಪ್ಪನೂ ಸರ್ಕಾರಿ ನೌಕರರೇ. ವರ್ಗವಾಗಿ ಬಂದು ಮೂರು ವರ್ಷ ಇಲ್ಲಿದ್ದರು. ಆ ಮೂರು ವರ್ಷ ಅವಳ ಹೆಸರಿನ ಮುಂದಿನ ಒಂಟಿ ಅಕ್ಷರವನ್ನು ದಿನಾ ಬೆಳಿಗ್ಗೆ ಕೂಗಿದ್ದೇನೆ. ಎಷ್ಟೋ ವರ್ಷದ ಮೇಲೆ ಬಂದ ಕಾಗದದಲ್ಲಿ ಆ ಅಕ್ಷರವೇ ಇರಲಿಲ್ಲ. ಅದರ ಜಾಗದಲ್ಲಿ ‘ಅಂಡ’ ಎಂದು ಮುಗಿಯುವ, ಐದಕ್ಷರದ, ನಾನು ಎಲ್ಲೂ ಕೇಳದ ಒಂದು ಹೆಸರು ದಪ್ಪ ಅಕ್ಷರದಲ್ಲಿತ್ತು. ಪಾಠ ಹೇಳಿದ ಮಗುವಿನ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲವಲ್ಲ ಎಂದು ಸಂಕಟವಾಯಿತು. ಬಸ್ಸು ಹತ್ತಿದೆ.

ಕೊಡವ ಮದುವೆಯ ಸಮ್ಮಂದ ಕೊಡುವ ಶಾಸ್ತ್ರವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎರಡೂ ಕಡೆಯ ಅರುವರು ಎದುರುಬದುರು ನಿಂತಿದ್ದರು. ಪ್ರತಿ ಒಕ್ಕಕ್ಕೂ ಇನ್ನೊಂದು ಒಕ್ಕ ಅರುವನಾಗಿ ಇರುತ್ತದೆ. ಮದುವೆಯ ಮಾತಿಗೆ, ಹಕ್ಕಿಗೆ ಅವರೇ ಸಾಕ್ಷಿ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ನನ್ನ ಕಿವಿಗೆ ಸಿಕ್ಕಿದ್ದು ಎರಡು ಒಕ್ಕದ ಹೆಸರುಗಳು ಮಾತ್ರ, ಪ್ರತಿ ಸಲವೂ ಪೂರ್ತಿಯಾಗಿ. ಆಮೇಲೆ ಪುಟ್ಟ ಪುಟ್ಟ ಕಲ್ಲುಗಳು ಕೈಯಿಂದ ಕೈಗೆ ಹೋದವು, ಹುಣಸೆಬೀಜದಷ್ಟು ಗಾತ್ರದವು. ಹೊಸ ಒಕ್ಕದಲ್ಲಿ ಹುಡುಗಿಗೆ ಸಿಗುವ ಹಕ್ಕಿನ ಗುರುತು ಅವು. ಕಾಗದ, ಸಹಿ, ಮೊಹರು ಯಾವುದೂ ಇಲ್ಲ.

ಮರುದಿನ ಹುಡುಗಿಯ ಕಡೆಯವರು ತಮ್ಮ ಐನ್‌ಮನೆಗೆ, ಅಂದರೆ ಒಕ್ಕದ ಮೂಲಮನೆಗೆ, ಕರೆದುಕೊಂಡು ಹೋದರು. ನಡುಮನೆಯಲ್ಲಿ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪ ತೂಗುತ್ತಿತ್ತು. ಅದರ ನೇರಕ್ಕೆ ತೊಲೆಯ ಮೇಲೆ ಹೊಗೆ ಹಿಡಿದ ಒಂದು ಕಪ್ಪು ವೃತ್ತ, ತಟ್ಟೆಯಷ್ಟು ಅಗಲ. ಹೊರಗೆ ಕೈಮಡ, ಒಕ್ಕದ ಮೂಲಪುರುಷನ ಪುಟ್ಟ ಗುಡಿ. ಹುಡುಗಿಯ ಅಜ್ಜಿ, ಅವರ ಮಾತಿನಲ್ಲಿ ‘ತಾಯಿ’, ನನ್ನನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಹೇಳಿದರು:

“ಮೇಷ್ಟ್ರೇ, ಈ ಹೆಸರಿನವರು ಈಗ ಎರಡೇ ಮನೆ. ಅದೂ ನನ್ನಿಂದ ಉಳಿದದ್ದು. ನನಗೆ ಅಣ್ಣತಮ್ಮಂದಿರಿರಲಿಲ್ಲ. ನಮ್ಮವರು ಬಂದದ್ದು ಒಕ್ಕಪರಿಜೆಯಲ್ಲಿ. ಇಲ್ಲದಿದ್ದರೆ ಇಲ್ಲಿ ದೀಪ ಹಚ್ಚುವವರೇ ಇರುತ್ತಿರಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಒಕ್ಕದಲ್ಲಿ ಗಂಡು ಸಂತಾನ ನಿಂತುಹೋಗುವ ಹೊತ್ತಿಗೆ ಎರಡು ದಾರಿಗಳಿವೆ. ಒಕ್ಕಪರಿಜೆಯ ಮದುವೆಯಲ್ಲಿ ಗಂಡು ತನ್ನ ಒಕ್ಕವನ್ನೂ ಅಲ್ಲಿನ ಹಕ್ಕನ್ನೂ ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ. ಮಕ್ಕಪರಿಜೆಯಲ್ಲಿ ಅವನು ತನ್ನ ಒಕ್ಕದವನಾಗಿಯೇ ಉಳಿಯುತ್ತಾನೆ, ಹುಟ್ಟುವ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ನಾನು ಮದುವೆ ಕಾಗದದಲ್ಲಿ ಓದಿದ್ದ ಆ ಐದಕ್ಷರದ ಹೆಸರು ಒಬ್ಬ ಹೆಂಗಸಿನ ಮೂಲಕ ದಾಟಿ ಬಂದದ್ದು.

ವಾಪಸು ಬಂದ ಮೇಲೆ ಹುಡುಕಾಟ ಶುರುವಾಯಿತು. ಮೊದಲು ಹೆಸರಿನ ರಚನೆ. ಕೊಡವ ಮಾತಿನಲ್ಲಿ ‘ಅವನ’ ಎನ್ನುವುದಕ್ಕೆ ‘ಅವಂಡ’ ಎನ್ನುತ್ತಾರೆ. ಒಕ್ಕದ ಹೆಸರುಗಳ ಕೊನೆಯ ಅಂಡ, ಇರ, ಎರ ಇವೆಲ್ಲ ಆ ಜಾತಿಯ ಷಷ್ಠಿಗಳು. ಮಚ್ಚಂಡ ರೋಹನ್ ಬೋಪಣ್ಣ, ಮಾಚಿಮಂಡ ಅಶ್ವಿನಿ ಪೊನ್ನಪ್ಪ, ಮೊಳ್ಳೇರ ಪೂವಯ್ಯ ಗಣೇಶ್, ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಚೆಪ್ಪುಡಿರ ಮುತ್ತಣ್ಣ ಪೂಣಚ್ಚ: ಎಲ್ಲರ ಹೆಸರೂ ಒಂದು ಮನೆಯಿಂದ ಶುರುವಾಗಿ ಒಬ್ಬ ವ್ಯಕ್ತಿಯಲ್ಲಿ ಮುಗಿಯುತ್ತದೆ. ಇಟಲಿಯ ಮನೆತನದ ಹೆಸರುಗಳ ಕಟ್ಟೂ ಇದಕ್ಕೆ ತೀರ ದೂರದ್ದಲ್ಲ. ‘ದಿ ಜೊವಾನ್ನಿ’ ಅಂದರೆ ಜೊವಾನ್ನಿಯ ಮಗ, ಜೊವಾನ್ನಿಯ ಕಡೆಯವನು. ‘ಮಾರ್ತಿನಿ’ ಅಂದರೆ ಮಾರ್ತಿನೋ ಮನೆಯವರು. ಟ್ರೆಂಟ್‌ನ ಧರ್ಮಸಭೆ 1563ರಲ್ಲಿ ಮುಗಿಯುವ ಹೊತ್ತಿಗೆ ಪ್ರತಿ ಚರ್ಚಿನಲ್ಲೂ ಮದುವೆಯ, ದೀಕ್ಷಾಸ್ನಾನದ ದಾಖಲೆ ಇಡಬೇಕು ಎಂದಾಯಿತು. ಅಲ್ಲಿಯವರೆಗೆ ಅಲುಗಾಡುತ್ತಿದ್ದ ಹೆಸರುಗಳು ಪಾದ್ರಿಯ ಶಾಯಿಯಲ್ಲಿ ಗಟ್ಟಿಯಾದವು. ಕೊಡಗಿನಲ್ಲಿ ಆ ಕೆಲಸ ಮಾಡಿದ್ದು ದೀಪ, ಕೈಮಡ ಮತ್ತು ಅರುವನ ಬಾಯಿ.

ಆದರೆ ನನ್ನನ್ನು ಕಾಡಿದ್ದು ಅಜ್ಜಿಯ ‘ಎರಡೇ ಮನೆ’. ಒಂದು ಹೆಸರು ಯಾಕೆ ಸಾಯುತ್ತದೆ? ಯುದ್ಧ, ಕಾಯಿಲೆ, ಹೈದರ್–ಟಿಪ್ಪು ಕಾಲದ ಕಾಳಗ ಮತ್ತು ಸೆರೆ, ಇವೆಲ್ಲ ಕೊಡಗಿನಲ್ಲಿ ಎಷ್ಟೋ ಒಕ್ಕಗಳನ್ನು ತಿಂದಿವೆ. ಇವು ಯಾವುವೂ ಇಲ್ಲದಿದ್ದರೂ ಹೆಸರುಗಳು ಸಾಯುತ್ತವೆ ಎಂಬುದು ನನಗೆ ಹೊಸ ಸಂಗತಿ. ಅದನ್ನು ಕಂಡುಹಿಡಿದ ಕತೆಯೇ ಒಂದು.

1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಶಿಕ್ಷಕರ ಪತ್ರಿಕೆಯೊಂದರಲ್ಲಿ ಒಂದು ಲೆಕ್ಕ ಕೊಟ್ಟ. ದೊಡ್ಡ ಮನೆತನಗಳ ಹೆಸರುಗಳು ಒಂದೊಂದಾಗಿ ಮರೆಯಾಗುತ್ತಿವೆ ಎಂಬ ಮಾತು ಆಗ ಅಲ್ಲಿ ಜೋರಾಗಿತ್ತು. ಆ ಮನೆತನಗಳ ರಕ್ತ ಸೊರಗಿದೆಯೋ, ಅಥವಾ ಇದು ಬರೀ ಆಕಸ್ಮಿಕದ ಆಟವೋ? ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದುವರಿಯುವುದಾದರೆ ಎಷ್ಟು ತಲೆಮಾರಿಗೆ ಎಷ್ಟು ಹೆಸರು ಅಳಿಯುತ್ತವೆ? ಹೆನ್ರಿ ವಾಟ್ಸನ್ ಎಂಬ ಪಾದ್ರಿ ಉತ್ತರ ಕಟ್ಟಿದ. 1874ರಲ್ಲಿ ಇಬ್ಬರೂ ಸೇರಿ ಅದನ್ನು ಮಂಡಿಸಿದರು.

ನಾನು ಇದನ್ನು ಕರಿಹಲಗೆಯ ಮೇಲೆ ಮಾಡಿ ನೋಡಿದೆ. ನೂರು ಮನೆ, ನೂರು ಬೇರೆ ಬೇರೆ ಹೆಸರು. ಪ್ರತಿ ನಾಲ್ವರು ಗಂಡಸರಲ್ಲಿ ಒಬ್ಬನಿಗೆ ಗಂಡುಮಕ್ಕಳಿಲ್ಲ, ಇಬ್ಬರಿಗೆ ಒಬ್ಬೊಬ್ಬ ಮಗ, ಒಬ್ಬನಿಗೆ ಇಬ್ಬರು ಎಂದಿಟ್ಟುಕೊಳ್ಳಿ. ಸರಾಸರಿ ಒಬ್ಬ ಮಗ, ಜನಸಂಖ್ಯೆ ಕುಗ್ಗುವುದಿಲ್ಲ. ಆದರೂ ಮೊದಲ ತಲೆಮಾರಿಗೆ 25 ಹೆಸರು ಹೋಗುತ್ತವೆ. ಎರಡನೆಯದಕ್ಕೆ ಒಟ್ಟು 39. ಮೂರನೆಯದಕ್ಕೆ 48. ನಾಲ್ಕನೆಯದಕ್ಕೆ 55. ಊರಿನ ತುಂಬ ಜನ ಇದ್ದಾರೆ, ಗದ್ದೆ ನಾಟಿಯಾಗಿದೆ, ಯಾವ ರೋಗವೂ ಬಂದಿಲ್ಲ. ಮುತ್ತಜ್ಜನ ಕಾಲಕ್ಕಿಂತ ಒಂದು ತಲೆಮಾರು ಹಿಂದೆ ಇದ್ದ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲವಾಗಿವೆ. ಉಳಿದ ಮನೆಗಳಲ್ಲಿ ಅದೇ ಹೆಸರುಗಳು ಹೆಚ್ಚೆಚ್ಚು ಜನಕ್ಕೆ. ಒಂದು ಹೆಸರು ದೊಡ್ಡದಾಗುವುದೂ ಇನ್ನೊಂದು ಅಪರೂಪವಾಗುವುದೂ ಯಾರ ಗುಣವೂ ಅಲ್ಲ, ಯಾರ ತಪ್ಪೂ ಅಲ್ಲ. ಆ ಅಜ್ಜಿಗೆ ಇದನ್ನು ಹೇಳಬೇಕು ಅನ್ನಿಸಿತು.

ವಾಟ್ಸನ್ ಒಂದು ಕಡೆ ಎಡವಿದ್ದ. ಎಷ್ಟೇ ಗಂಡುಮಕ್ಕಳಿದ್ದರೂ ಎಲ್ಲ ಹೆಸರೂ ಕೊನೆಗೆ ಅಳಿದೇ ಅಳಿಯುತ್ತವೆ ಎಂದುಬಿಟ್ಟ. ಸರಾಸರಿ ಒಂದಕ್ಕಿಂತ ಮೇಲಿದ್ದರೆ ಉಳಿಯುವ ಅವಕಾಶ ಖಂಡಿತ ಇದೆ. 1930ರಲ್ಲಿ ಡೆನ್ಮಾರ್ಕಿನ ಸ್ಟೆಫೆನ್ಸೆನ್ ಅದನ್ನು ಪೂರ್ತಿಯಾಗಿ ಸಾಧಿಸಿ ತೋರಿಸಿದ. ಇದೆಲ್ಲಕ್ಕೂ ಮೊದಲು, 1845ರಲ್ಲೇ, ಫ್ರಾನ್ಸಿನ ಬಿಯೆನೆಮೆ ಎಂಬಾತ ಸರಿಯುತ್ತರ ಹೇಳಿದ್ದ. ಅದನ್ನು ಎಲ್ಲರೂ ಮರೆತಿದ್ದರು. 1972ರಲ್ಲಿ ಇಬ್ಬರು ಗಣಿತಜ್ಞರು ಹಳೆಯ ಕಾಗದಗಳಿಂದ ಅದನ್ನು ಎತ್ತಿ ತೆಗೆದರು. ಹೆಸರು ಮರೆಯಾಗುವ ಲೆಕ್ಕವನ್ನು ಮೊದಲು ಮಾಡಿದವನ ಹೆಸರೂ ಮರೆಯಾಗಿತ್ತು.

ಈ ಲೆಕ್ಕದ ಬುಡದಲ್ಲಿರುವ ಷರತ್ತು ಒಂದೇ: ಹೆಸರು ಗಂಡಿನಿಂದ ಮಾತ್ರ ದಾಟಬೇಕು. ಒಕ್ಕಪರಿಜೆ ಕೈ ಹಾಕುವುದು ಸರಿಯಾಗಿ ಅಲ್ಲಿಗೇ. ಗಂಡುಮಕ್ಕಳಿಲ್ಲದ ಆ ನಾಲ್ಕರಲ್ಲಿ ಒಂದು ಮನೆಯಲ್ಲಿ ಮಗಳೊಬ್ಬಳು ಹೆಸರು ಹಿಡಿದುಕೊಂಡರೆ ಕರಿಹಲಗೆಯ ಅಂಕಿಗಳೆಲ್ಲ ಬದಲಾಗುತ್ತವೆ. ಇಟಲಿಯಲ್ಲಿ ಮಗುವಿಗೆ ತಂದೆಯ ಮನೆತನದ ಹೆಸರನ್ನೇ ತಾನಾಗಿ ಹಚ್ಚುವ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 2022ರಲ್ಲಿ. ಈಗ ತಂದೆ, ತಾಯಿ ಇಬ್ಬರ ಹೆಸರೂ ಮಗುವಿಗೆ ಬರುತ್ತದೆ, ಇಬ್ಬರೂ ಒಪ್ಪಿದರೆ ಒಬ್ಬರದು ಸಾಕು. ಒಕ್ಕಪರಿಜೆಯನ್ನು ಹೆಣ್ಣಿನ ಸಮಾನತೆಯ ಕಾನೂನು ಎಂದು ನಾನು ಹೇಳಲಾರೆ. ಗಂಡುಮಕ್ಕಳಿದ್ದ ಮನೆಯಲ್ಲಿ ಅದರ ಮಾತೇ ಏಳುವುದಿಲ್ಲ. ಆದರೆ ಮಗಳೂ ಒಕ್ಕವನ್ನು ಹೊತ್ತು ನಿಲ್ಲಬಲ್ಲಳು ಎಂಬ ನಂಬಿಕೆ ಅದರೊಳಗಿದೆ, ಅದು ಸಣ್ಣ ನಂಬಿಕೆಯಲ್ಲ.

ಇನ್ನು ಈ ಹೆಸರುಗಳನ್ನು ಹುಡುಕಿ ದಾಖಲಿಸಿದವರ ಮಾತು. ಪೊಲೀಸ್ ಕೆಲಸದಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನಲ್ಲಿ ಹಾಡು, ಗಾದೆ, ಕಟ್ಟುಕಟ್ಟಳೆಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಕೊಡವ ಹಾಡು, ಕನ್ನಡ ಲಿಪಿ, ವಿವರಣೆ ಕನ್ನಡದಲ್ಲಿ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ನಂಜಮ್ಮನವರು ಕೆನಡಾದ ಸರ್ಕಾರಿ ಅಂಕಿಅಂಶ ಸಂಸ್ಥೆಯಲ್ಲಿ ದುಡಿದ ಸಂಖ್ಯಾಶಾಸ್ತ್ರಜ್ಞೆ. ಈ ದಂಪತಿ ಕೊಡಗಿನ ಐನ್‌ಮನೆಗಳನ್ನು ಒಂದೊಂದಾಗಿ ಹೊಕ್ಕು, ನಿಂತಿರುವ ಮನೆ, ಬಿದ್ದ ಮನೆ, ಒಕ್ಕದ ಹೆಸರು ಎಲ್ಲವನ್ನೂ ಬರೆದುಕೊಂಡರು. 2014ರಲ್ಲಿ ಅದು ಪುಸ್ತಕವಾಯಿತು. ಕೊಡವರದು ಮಾತ್ರವಲ್ಲ, ಐನ್‌ಮನೆ ಇರುವ ಬೇರೆ ಸಮುದಾಯಗಳದೂ. ದೂರದ ದೇಶದಲ್ಲಿ ಬಳಸಿದ ಸಂಖ್ಯಾಶಾಸ್ತ್ರದ ವಿದ್ಯೆಯನ್ನು ತವರಿನ ಹೆಸರುಗಳಿಗಾಗಿ ಖರ್ಚು ಮಾಡಿದ ಈ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ಇನ್ನೊಂದು ಹುಡುಕಾಟ ನಡೆದದ್ದು ಆಟದ ಬಯಲಿನಲ್ಲಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360, ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಇಷ್ಟು ಒಕ್ಕಗಳು ಈ ಕಾಲು ಶತಮಾನದಲ್ಲಿ ಹೊಸದಾಗಿ ಹುಟ್ಟಿದವಲ್ಲ. ಇನಿಷಿಯಲ್ಲಿನ ಕೆಳಗೆ ಮಲಗಿದ್ದ ಹೆಸರುಗಳು ಎದ್ದು ಅಂಗಿಯ ಬೆನ್ನ ಮೇಲೆ ಬಂದು ಕೂತವು. ಬೆಂಗಳೂರಿನಲ್ಲಿ ಬೆಳೆದ ಹುಡುಗ ತಂಡಕ್ಕೆ ಜನ ಸೇರಿಸಲು ಅಜ್ಜನಿಗೆ ಫೋನು ಮಾಡಿ “ನಮ್ಮವರು ಇನ್ಯಾರಿದ್ದಾರೆ?” ಎಂದು ಕೇಳಬೇಕಾಯಿತು. ಎರಡೇ ಮನೆಯ ಒಕ್ಕಕ್ಕೆ ಹನ್ನೊಂದು ಜನ ಕೂಡಿಸುವುದು ಹೇಗೆ ಎಂಬ ಯೋಚನೆ ಮಾತ್ರ ನನಗೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ.

ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆದು ಆ ಹುಡುಗಿಯ ಸಾಲನ್ನು ನೋಡಿದೆ. ನನ್ನದೇ ಕೈಬರಹ, ಒಂದು ಅಕ್ಷರ, ಒಂದು ಚುಕ್ಕೆ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ಆದರೆ ಆ ವರ್ಷದಿಂದ ಜೂನ್ ತಿಂಗಳ ಮೊದಲ ವಾರ ಪ್ರತಿ ಮಗುವನ್ನೂ ನಿಲ್ಲಿಸಿ ಅದರ ಇನಿಷಿಯಲ್ ಬಿಡಿಸಲು ಹೇಳುತ್ತೇನೆ. ಹೋದ ಸಲ ಐದನೆಯ ತರಗತಿಯ ಒಬ್ಬಳಿಗೆ ತನ್ನ ‘ಬಿ.’ ಏನೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿ ಬರುತ್ತೇನೆ ಅಂದಳು. ಮಾರನೆಯ ದಿನ ಪ್ರಾರ್ಥನೆ ಮುಗಿಯುವ ಮೊದಲೇ ನನ್ನ ಹತ್ತಿರ ಓಡಿಬಂದಳು.

“ಬ್ಯಾಡಗೊಟ್ಟ, ಸಾರ್. ಅಪ್ಪನ ಊರಲ್ಲ, ಮುತ್ತಜ್ಜನ ಊರಂತೆ. ನಾವು ಯಾರೂ ಆ ಮನೆ ನೋಡಿಲ್ಲ. ಭಾನುವಾರ ಹೋಗ್ತೀವಿ.”