ಪದ ಗೊತ್ತು, ವಾಕ್ಯ ತಿಳಿಯದು

ಚೀನಾದಲ್ಲಿ 1987ರಿಂದ ಕಾಲೇಜ್ ಇಂಗ್ಲಿಷ್ ಟೆಸ್ಟ್ ನಡೆಯುತ್ತಿದೆ. ಗದ್ಯಭಾಗ ಓದಿ ಉತ್ತರಿಸುವುದು ಅದರ ಮುಖ್ಯ ಅಂಗ. ಇದಕ್ಕಾಗಿ ಅಲ್ಲಿನ ವಿದ್ಯಾರ್ಥಿಗಳು ಪದಪಟ್ಟಿಗಳನ್ನು ಉರು ಹೊಡೆಯುತ್ತಾರೆ. ಅಕಾರಾದಿಯ ಪಟ್ಟಿ 'ಅಬ್ಯಾಂಡನ್' ಎಂಬ ಪದದಿಂದ ಶುರುವಾಗುವುದುಂಟು. ಅರ್ಥ, 'ಕೈಬಿಡು'! ಅನೇಕರು ಅಲ್ಲಿಗೇ ಪುಸ್ತಕ ಕೈಬಿಡುತ್ತಾರೆಂಬುದು ಅವರದೇ ತಮಾಷೆ.

ಆದರೆ ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಅರ್ಥವಾಗದಿರುವುದೇಕೆ? ಚೀನೀ ಭಾಷೆಯ 'ವೊ ಜುವೊಥ್ಯೆನ್ ಮಾಯ್ ದ ಶೂ' ಎಂದರೆ 'ನಾನು ನಿನ್ನೆ ಕೊಂಡ ಪುಸ್ತಕ'. ಪದಗಳ ಸಾಲು ನಮ್ಮ ಕನ್ನಡದಂತೆಯೇ ಇದೆ, ನೋಡಿ! ವಿವರಣೆ ಮೊದಲು, ಪುಸ್ತಕ ಕೊನೆಗೆ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬಂದು, ವಿವರಣೆ ಬಾಲದಂತೆ ಹಿಂದೆ ಬರುತ್ತದೆ. 'ದಿ ಬುಕ್ ದಟ್ ಐ ಬಾಟ್ ಯೆಸ್ಟರ್‌ಡೇ ವಾಸ್ ಟೋರ್ನ್' ಎಂಬಲ್ಲಿ ಹರಿದದ್ದು ಪುಸ್ತಕ. ಆದರೆ ಬಾಲ ಉದ್ದವಾದಷ್ಟೂ ಕರ್ತೃವಿಗೂ ಕ್ರಿಯಾಪದಕ್ಕೂ ನಂಟು ಕಾಣದಾಗುತ್ತದೆ.

ಹಾಗಾಗಿ ಚೀನೀ ವಿದ್ಯಾರ್ಥಿಗೆ ಬೇಕಾದ ಅಭ್ಯಾಸವೇ ನಿಮಗೂ ಬೇಕು. 'ದಟ್', 'ವಿಚ್', 'ಹೂ' ಇಂಥ ಬಾಲ ತೆರೆದಲ್ಲಿ ಪೆನ್ಸಿಲಿನಿಂದ ಕಂಸ ಹಾಕಿ, ಮೊದಲು ಅದನ್ನು ಬಿಟ್ಟು ಓದಿ. ಕರ್ತೃ, ಕ್ರಿಯಾಪದ ಸಿಕ್ಕ ಮೇಲೆ ಕಂಸದೊಳಗೆ ಹೋಗಿ. ಪ್ರತಿ ವಾಕ್ಯವನ್ನೂ ತಾಯ್ನುಡಿಗೆ ತಿರುಗಿಸುತ್ತ ಕೂತರೆ ಸಮಯ ಸಾಲದು: ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್‌ನ ಓದಿನ ಪತ್ರಿಕೆಯಲ್ಲಿ 40 ಪ್ರಶ್ನೆಗೆ 60 ನಿಮಿಷ ಮಾತ್ರ.