ಮೂತ್ರಪಿಂಡ ರೋಗದ ಲೆಕ್ಕವೂ ಒಂದು ತಜ್ಞಸಂಘವೂ

1970ರಲ್ಲಿ ಸ್ಥಾಪಿತವಾದ ಇಂಡಿಯನ್ ಸೊಸೈಟಿ ಆಫ್ ನೆಫ್ರಾಲಜಿಯು 2005ರಲ್ಲಿ ದೀರ್ಘಕಾಲಿಕ ಮೂತ್ರಪಿಂಡ ರೋಗಿಗಳ ದಾಖಲೆಯೊಂದನ್ನು ಆರಂಭಿಸಿತು. ವಿವರ ಕಳುಹಿಸಿದ ವೈದ್ಯರಿಗೆ ಕಾನೂನಿನ ನಿರ್ಬಂಧವೇನೂ ಇರಲಿಲ್ಲ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದು ಗಮನಾರ್ಹ. 2012ರಲ್ಲಿ ಪ್ರಕಟವಾದ ವರದಿಯಲ್ಲಿ 52,273 ವಯಸ್ಕರ ವಿವರವಿದೆ. ನೂರಕ್ಕೆ 31 ಮಂದಿಯಲ್ಲಿ ಮಧುಮೇಹವೇ ಮೂಲ. 16 ಮಂದಿಯಲ್ಲಿ ಕಾರಣವೇ ತಿಳಿಯಲಿಲ್ಲ. ಇದಕ್ಕಿಂತಲೂ ಕಳವಳಕಾರಿಯಾದುದೆಂದರೆ, ಸುಮಾರು 48 ಮಂದಿ ತಜ್ಞರೆದುರು ಬಂದುದು ಐದನೆಯ, ಎಂದರೆ ಕಡೆಯ ಹಂತದಲ್ಲಿ. ಆಗ ಉಳಿಯುವುದು ಡಯಾಲಿಸಿಸ್, ಇಲ್ಲವೇ ಕಸಿ. ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ತಾಸಿನ ಈ ಚಿಕಿತ್ಸೆಗಾಗಿ ಶಿವನಿಯಂತಹ ಊರಿನ ರೈತನು ಪಟ್ಟಣಕ್ಕೆ ಅಲೆಯುತ್ತ ಹೊಲಗೆಲಸವನ್ನು ಹೇಗೆ ನಡೆಸಿಯಾನು? ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳಾದರೋ ಅಲ್ಪವೆಚ್ಚದವು. ಮಧುಮೇಹಿಗಳಿಗೂ ರಕ್ತದೊತ್ತಡವುಳ್ಳವರಿಗೂ ಇವನ್ನು ಮೊದಲೇ ಮಾಡಿಸಬೇಕೆಂಬ ವಾದಕ್ಕೆ ಈ ಅಂಕಿಗಳು ಬಲ ನೀಡುತ್ತವೆ. ಆಸ್ಪತ್ರೆಗೇ ಬಾರದೆ ಹೋದವರು ಮಾತ್ರ ಈ ದಾಖಲೆಯಲ್ಲಿಲ್ಲ.