ಕೆಮ್ಮು ನಿಂತ ಮೇಲೆ ಉಳಿಯುವ ಅಪಾಯ: ಮಕ್ಕಳ ಶ್ವಾಸನಾಳ ಮತ್ತು ಕಡಲೆಕಾಯಿ ಬೀಜ

ಮೂರು ವರ್ಷದೊಳಗಿನ ಮಕ್ಕಳ ಶ್ವಾಸನಾಳದೊಳಗೆ ಸಿಕ್ಕಿಕೊಂಡು ವೈದ್ಯರ ಕೈಯಿಂದಲೇ ಹೊರಬರಬೇಕಾದ ವಸ್ತುಗಳಲ್ಲಿ, ಭಾರತದ ಮಟ್ಟಿಗೆ ಹೇಳುವುದಾದರೆ, ಕಡಲೆಕಾಯಿ ಬೀಜದ್ದೇ ಮೊದಲ ಸ್ಥಾನ. ಗುಂಡಿ, ಮಣಿ, ಆಟಿಕೆಯ ಚೂರುಗಳನ್ನು ಮಗುವಿನ ಕೈಗೆ ಸಿಗದಂತೆ ಎತ್ತಿಡುವ ಮನೆಗಳಲ್ಲಿಯೂ ಹುರಿದ ಶೇಂಗಾದ ಬಟ್ಟಲು ನೆಲದ ಮೇಲೆಯೇ ಇರುತ್ತದೆ, ಏಕೆಂದರೆ ಅದು ಆಹಾರ, ಅದರಲ್ಲಿಯೂ ಒಳ್ಳೆಯ ಆಹಾರ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಿಂದ ಹಿಡಿದು ಉತ್ತರ ಕರ್ನಾಟಕದ ತಟ್ಟೆಯಲ್ಲಿನ ಶೇಂಗಾ ಹಿಂಡಿಯವರೆಗೆ ಕನ್ನಡಿಗರ ಬದುಕಿನಲ್ಲಿ ಬೆರೆತಿರುವ ಈ ಬೀಜವನ್ನು ಅಪಾಯದ ವಸ್ತುವೆಂದು ಕಾಣುವುದು ಯಾರಿಗೂ ಸುಲಭವಲ್ಲ. ಆದರೂ ನಾಲ್ಕು ವರ್ಷ ತುಂಬುವವರೆಗೆ ಇಡೀ ಬೀಜವನ್ನು ಮಗುವಿಗೆ ಕೊಡಬಾರದೆಂದು ಮಕ್ಕಳ ತಜ್ಞರು ಒತ್ತಿ ಹೇಳುವುದಕ್ಕೆ ಮಗುವಿನ ದೇಹರಚನೆಯಲ್ಲಿಯೇ ಗಟ್ಟಿಯಾದ ಕಾರಣಗಳಿವೆ.

ಒಂದು ವರ್ಷದ ಆಸುಪಾಸಿನಲ್ಲಿ ಬರುವ ಬಾಚಿಹಲ್ಲುಗಳು ಬೀಜವನ್ನು ಕಚ್ಚಿ ತುಂಡರಿಸಬಲ್ಲವೇ ಹೊರತು ಅರೆಯಲಾರವು. ಅರೆಯುವ ದವಡೆಹಲ್ಲುಗಳಲ್ಲಿ ಮೊದಲನೆಯವು ಸುಮಾರು ಒಂದೂವರೆ ವರ್ಷದ ಹೊತ್ತಿಗೂ ಎರಡನೆಯವು ಎರಡರಿಂದ ಮೂರು ವರ್ಷದ ನಡುವೆಯೂ ಮೂಡುತ್ತವೆ, ಮೂಡಿದ ಮೇಲೂ ಚೆನ್ನಾಗಿ ಅಗಿಯುವುದನ್ನು ಮಗು ಕಲಿಯಲು ಕಾಲ ಹಿಡಿಯುತ್ತದೆ. ನುಂಗುವ ಕ್ಷಣದಲ್ಲಿ ಉಸಿರು ತಡೆದು ಶ್ವಾಸದ ದಾರಿಯನ್ನು ಮುಚ್ಚುವ ಹೊಂದಾಣಿಕೆ ಈ ವಯಸ್ಸಿನಲ್ಲಿ ಪೂರ್ತಿ ಪಳಗಿರುವುದಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡೇ ಮಗು ನಗುತ್ತದೆ, ಅಳುತ್ತದೆ, ಓಡುತ್ತದೆ, ಮತ್ತು ಅಂಥ ಒಂದು ದೀರ್ಘ ಉಸಿರಿನೊಡನೆ ಅರ್ಧ ಅಗಿದ ತುಂಡು ಧ್ವನಿಪೆಟ್ಟಿಗೆಯನ್ನು ದಾಟಿ ಒಳಗೆ ಸೇರುತ್ತದೆ.

ಎಳೆಯ ಶಿಶುವಿನ ಶ್ವಾಸನಾಳದ ಅಗಲ ಸುಮಾರು 4–5 ಮಿಲಿಮೀಟರ್ ಮಾತ್ರ. ಕೊಳವೆಯಲ್ಲಿ ಹರಿವಿಗೆ ಎದುರಾಗುವ ತಡೆಯು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬುದು 19ನೆಯ ಶತಮಾನದಲ್ಲಿ ಫ್ರಾನ್ಸಿನ ಪ್ವಾಸೆಯ್ ಕಂಡುಕೊಂಡ ನಿಯಮ. ಇದರ ಪ್ರಕಾರ 4 ಮಿಲಿಮೀಟರ್ ಅಗಲದ ನಾಳದ ಒಳಪೊರೆಯು ಸುತ್ತಲೂ ಒಂದೇ ಮಿಲಿಮೀಟರ್ ಊದಿಕೊಂಡರೆ ತ್ರಿಜ್ಯ ಅರ್ಧವಾಗಿ, ಉಸಿರಿಗೆ ತಡೆ 16 ಪಟ್ಟಾಗುತ್ತದೆ. ಅಷ್ಟೇ ಊತ ವಯಸ್ಕರ 16 ಮಿಲಿಮೀಟರ್ ನಾಳದಲ್ಲಿ ಉಂಟಾದರೆ ತಡೆ ಎರಡು ಪಟ್ಟು ಕೂಡ ಆಗುವುದಿಲ್ಲ. ದೊಡ್ಡವರು ಜೋರಾಗಿ ಕೆಮ್ಮಿ ಹೊರಹಾಕುವ ಚೂರು ಮಗುವಿನ ಜೀವಕ್ಕೆ ಎರವಾಗುವುದು ಈ ಲೆಕ್ಕದಿಂದಲೇ.

ಬೀಜ ಒಳಹೊಕ್ಕ ಕೂಡಲೇ ಮಗು ತೀವ್ರವಾಗಿ ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನೆತ್ತಿಗೆ ಹತ್ತಿತೆಂದು ಹಿರಿಯರು ತಲೆ ತಟ್ಟುತ್ತಾರೆ, ನೀರು ಕುಡಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಕೆಮ್ಮು ನಿಲ್ಲುತ್ತದೆ, ಮಗು ಮತ್ತೆ ಆಡತೊಡಗುತ್ತದೆ. ಬೀಜ ಹೊರಬಂದುದರಿಂದಲೇ ಕೆಮ್ಮು ನಿಂತಿದ್ದರೆ ಒಳ್ಳೆಯದು, ಆದರೆ ಅದು ಶ್ವಾಸನಾಳದ ಕವಲೊಂದರಲ್ಲಿ ಹೋಗಿ ಕುಳಿತಾಗಲೂ ಅಲ್ಲಿನ ನರಗಳು ಆ ಕೆರಳಿಕೆಗೆ ಒಗ್ಗಿಕೊಂಡು ಕೆಮ್ಮು ನಿಲ್ಲುತ್ತದೆ. ವೈದ್ಯರು ಇದನ್ನು ಲಕ್ಷಣರಹಿತ ಅವಧಿ ಎನ್ನುತ್ತಾರೆ. ಇದು ಕೆಲವು ಗಂಟೆಗಳಿಂದ ಹಲವು ವಾರಗಳವರೆಗೂ ಇರಬಹುದು. ಇಡೀ ವಿಷಯದಲ್ಲಿ ತಂದೆತಾಯಿಯರು ಅರಿತಿರಲೇಬೇಕಾದ ಸಂಗತಿ ಇದು, ಏಕೆಂದರೆ ಮಗು ಚೇತರಿಸಿಕೊಂಡಂತೆ ಕಾಣುವ ಈ ಅವಧಿಯಲ್ಲಿಯೇ ಒಳಗಿನ ಹಾನಿ ಬೆಳೆಯುತ್ತಿರುತ್ತದೆ.

ಬೀಜ ತೇವವನ್ನು ಹೀರಿ ಉಬ್ಬುತ್ತದೆ, ಅದರ ಎಣ್ಣೆಯ ಅಂಶ ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ ಉರಿಯೂತ ತರುತ್ತದೆ. ಉಸಿರೆಳೆದಾಗ ತುಸು ಹಿಗ್ಗುವ ಕೊಳವೆ ಗಾಳಿಯನ್ನು ಒಳಬಿಟ್ಟು, ಉಸಿರು ಬಿಡುವಾಗ ಬೀಜದ ಸುತ್ತ ಬಿಗಿದುಕೊಂಡರೆ ಆ ಕಡೆಯ ಶ್ವಾಸಕೋಶದಲ್ಲಿ ಗಾಳಿ ಸೆರೆಯಾಗಿ ಅದು ಉಬ್ಬುತ್ತದೆ. ಪೂರ್ತಿ ಮುಚ್ಚಿಹೋದರೆ ಆ ಭಾಗ ಕುಸಿಯುತ್ತದೆ, ಅಲ್ಲಿ ಸೋಂಕು ಹಿಡಿದು ನ್ಯುಮೋನಿಯಾ ಆಗುತ್ತದೆ. ಹೊರಗೆ ಕಾಣುವುದು ಜ್ವರ, ಕೆಮ್ಮು, ಎದೆಯ ಸುಯ್ಲು ಮಾತ್ರವಾದ್ದರಿಂದ ಇದನ್ನು ಆಸ್ತಮಾ ಎಂದು ಬಗೆದು ವಾರಗಟ್ಟಲೆ ಔಷಧ ಕೊಡುವುದೂ ಉಂಟು. ಎಕ್ಸ್‌ರೇ ಎಲ್ಲವನ್ನೂ ತೋರಿಸುತ್ತದೆ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ: ಲೋಹದ ವಸ್ತುವಿನಂತೆ ಬೀಜ ಚಿತ್ರದಲ್ಲಿ ಮೂಡುವುದಿಲ್ಲ, ಮೊದಲ ದಿನದ ಎಕ್ಸ್‌ರೇ ಪೂರ್ತಿ ಸಹಜವಾಗಿಯೇ ಇರಬಹುದು. ಒಂದೇ ಕಡೆಯ ಎದೆಯಲ್ಲಿ ಸುಯ್ಲು ಕೇಳುವುದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು ಬಲವಾದ ಸುಳಿವುಗಳು.

ಹೊರತೆಗೆಯುವ ಮಾರ್ಗ ಬ್ರಾಂಕೋಸ್ಕೋಪಿ, ಅಂದರೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಬೆಳಕುಳ್ಳ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ, ಕಣ್ಣಾರೆ ನೋಡುತ್ತ ಇಕ್ಕಳದಿಂದ ವಸ್ತುವನ್ನು ಹಿಡಿದೆಳೆಯುವ ವಿಧಾನ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ರೋಗಿಯೊಬ್ಬನ ಶ್ವಾಸನಾಳದಿಂದ ಮೂಳೆಯ ಚೂರನ್ನು ಹೀಗೆ ತೆಗೆದದ್ದು ಇದರ ಆರಂಭ. ಅಮೆರಿಕದ ಶೆವಲಿಯರ್ ಜಾಕ್ಸನ್ ಈ ವಿದ್ಯೆಯನ್ನು ಪಳಗಿಸಿ, ಜನರು ನುಂಗಿದ ಅಥವಾ ಉಸಿರಿನೊಡನೆ ಎಳೆದುಕೊಂಡ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಕೂಡಿಟ್ಟರು. ಅವು ಇಂದಿಗೂ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿವೆ.

ಉಸಿರುಗಟ್ಟಿದ ಗಳಿಗೆಯಲ್ಲಿ ಮನೆಯವರು ಮಾಡಬೇಕಾದುದು ಮಗುವಿನ ಸ್ಥಿತಿಯನ್ನು ಅವಲಂಬಿಸಿದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಕೆಮ್ಮಲು ಬಿಡಬೇಕು. ನೀರು, ಬಾಳೆಹಣ್ಣು, ಅನ್ನದ ಉಂಡೆ ಯಾವುದನ್ನೂ ಕೊಡಬಾರದು, ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು, ಏಕೆಂದರೆ ಬೆರಳು ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ದನಿ ಹೊರಡದಿದ್ದರೆ, ತುಟಿ ನೀಲಿಯಾದರೆ, ಒಬ್ಬರು 108ಕ್ಕೆ ಕರೆ ಮಾಡುವಾಗ ಇನ್ನೊಬ್ಬರು ಕೂಡಲೇ ಕೈಹಾಕಬೇಕು. ಒಂದು ವರ್ಷದೊಳಗಿನ ಶಿಶುವನ್ನು ಮುಂಗೈಯ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಿ, ಬಳಿಕ ಅಂಗಾತ ತಿರುಗಿಸಿ ಎದೆಮೂಳೆಯ ಕೆಳ ಅರ್ಧದ ಮೇಲೆ ಐದು ಬಾರಿ ಒತ್ತಬೇಕು. ಒಂದು ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ತುಸು ಮೇಲೆ ಮುಷ್ಟಿಯನ್ನಿಟ್ಟು ಒಳಕ್ಕೂ ಮೇಲಕ್ಕೂ ಐದು ಒತ್ತು. ಶಿಶುಗಳಿಗೆ ಹೊಟ್ಟೆ ಒತ್ತಬಾರದು, ಯಕೃತ್ತಿಗೆ ಪೆಟ್ಟಾದೀತು. ವಸ್ತು ಹೊರಬರುವವರೆಗೆ ಇದನ್ನು ಮುಂದುವರಿಸಬೇಕು, ಪ್ರಜ್ಞೆ ತಪ್ಪಿದರೆ ಸಿಪಿಆರ್ ಆರಂಭಿಸಬೇಕು. ಓದಿನಿಂದಷ್ಟೇ ಇದು ಕೈವಶವಾಗದು. ಮಗುವಿರುವ ಮನೆಯಲ್ಲಿ ಒಬ್ಬರಾದರೂ ತರಬೇತಿ ಪಡೆದಿರಬೇಕು.

ಇದರರ್ಥ ಮಗುವಿಗೆ ಶೇಂಗಾ ಬೇಡವೆಂದಲ್ಲ. ನುಣ್ಣಗೆ ಪುಡಿಮಾಡಿ ಅನ್ನದಲ್ಲಿ, ಗಂಜಿಯಲ್ಲಿ ಕಲಸಿದರೆ ಪ್ರೋಟೀನ್ ಸಿಗುತ್ತದೆ, ಅಪಾಯ ಉಳಿಯುವುದಿಲ್ಲ. ಹುರಿಗಡಲೆ, ಅಡಿಕೆ ಚೂರು, ಹುಣಸೆ ಮತ್ತು ಸೀತಾಫಲದ ಬೀಜ, ಒಡೆದ ಬಲೂನಿನ ತುಂಡುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಬೇಕು.

ಎಕ್ಸ್‌ರೇ ಸುಮ್ಮನಿದ್ದರೂ, ಸ್ಟೆತಸ್ಕೋಪಿಗೆ ಏನೂ ಕೇಳಿಸದಿದ್ದರೂ, ತಿನ್ನುವಾಗ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತ್ತು ಎಂಬ ಒಂದು ಮಾತೇ ವೈದ್ಯರಿಗೆ ಬ್ರಾಂಕೋಸ್ಕೋಪಿಯನ್ನು ಯೋಚಿಸಲು ಸಾಕು. ಬೀಜ ಕೊಟ್ಟ ಅಜ್ಜಿಯನ್ನೋ ಅಕ್ಕನನ್ನೋ ಬೈಯುವ ಮನೆಯಲ್ಲಿ ಆ ಮಾತು ಭಯದಿಂದ ಹೊರಬರುವುದೇ ಇಲ್ಲ, ಮಗು ವಾರಗಟ್ಟಲೆ ನರಳುತ್ತದೆ. ಆದ್ದರಿಂದ ಯಾರನ್ನೂ ದೂರದೆ, ಮಗುವಿನ ಬಾಯಲ್ಲಿ ಏನಿತ್ತು, ಕೆಮ್ಮು ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂಬುದನ್ನು, ಮಗು ಈಗ ಚೆನ್ನಾಗಿಯೇ ಇದ್ದರೂ, ಅದೇ ದಿನ ವೈದ್ಯರಿಗೆ ತಿಳಿಸಬೇಕು.